ಕ್ಲೀಟಸ್ ಬಿಟ್ಟುಹೋದ ಕಾಫಿ ಡಬ್ಬಿ

ಟ್ರೆಂಟ್ ರಾನ್ಲಿಯ ಬಿಳಿ ಪಿಕಪ್ಪಿಗೆ 445 ಅಶ್ವಶಕ್ತಿ ಎಂದು ಬರೆದು ವಿಲ್ಮಾ ಹೋಮನ್ ಸಹಿ ಹಾಕಿದಾಗ ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಪಕ್ಕದ ಕೊಟ್ಟಿಗೆಯಲ್ಲಿ ಹಂದಿಗಳ ಸ್ಪರ್ಧೆಯ ತೀರ್ಪು ನಡೆಯುತ್ತಿತ್ತು. ಅದು ಮುಗಿಯುವವರೆಗೆ, ಅಂದರೆ ನಾಲ್ಕು ಗಂಟೆಯವರೆಗೆ, ಯಾರೂ ಎಂಜಿನ್ನನ್ನು ಜೋರಾಗಿ ಕೂಗಿಸಬಾರದೆಂದು ಕೌಂಟಿಯ ಕೃಷಿ ಮೇಳದ ಸಮಿತಿ ಹೇಳಿತ್ತು. ಹಿಂದಿನ ವರ್ಷ ಒಂದು ಪಿಕಪ್ಪಿನ ಆರ್ಭಟಕ್ಕೆ ಬೆದರಿದ ಹಂದಿಯೊಂದು ತೀರ್ಪುಗಾರನ ಕಾಲುಗಳ ನಡುವೆ ನುಗ್ಗಿ ಅವನನ್ನು ಕೆಡವಿತ್ತು. ಹಾಗಾಗಿ ಈ ಸಲ ಸಂಜೆಯ ಭಾರ ಎಳೆಯುವ ಸ್ಪರ್ಧೆಗೆ ಬಂದ ಗಾಡಿಗಳ ತಪಾಸಣೆಯೆಲ್ಲ ಕಣ್ಣಳತೆಯಲ್ಲೇ ನಡೆಯಿತು.

ಸ್ಪರ್ಧೆ ನಡೆಸುವ ಪಶ್ಚಿಮ ಓಹಾಯೊದ ಆ ಸಣ್ಣ ಕ್ಲಬ್ಬಿನಲ್ಲಿ ಶಕ್ತಿ ಅಳೆಯುವ ಯಂತ್ರ ಇರಲಿಲ್ಲ. ಇದ್ದದ್ದು ವಿಲ್ಮಾ ಮತ್ತು ಅವಳ ಹಾಳೆ. ಮೂವತ್ತೊಂದು ವರ್ಷ, ಎಂಜಿನ್ನಿಗೆ ಇಂಧನ ಊಡುವ ಡೀಸೆಲ್ ಪಂಪುಗಳ ರಿಪೇರಿ ಅಂಗಡಿಯ ಪರೀಕ್ಷಾ ಮೇಜಿನ ಮುಂದೆ ನಿಂತು ನಿವೃತ್ತಳಾದವಳು. ಕಾರ್ಖಾನೆಯಿಂದ ಬಂದಾಗ ಎಂಜಿನ್ನಿಗೆ ಎಷ್ಟು ಶಕ್ತಿ ಇತ್ತೋ ಅದನ್ನು ಮೊದಲು ಬರೆಯುತ್ತಿದ್ದಳು. ಆಮೇಲೆ ಹೊಗೆಕೊಳವೆ ದಪ್ಪವಾಗಿದ್ದರೆ ಇಷ್ಟು, ಗಾಳಿ ತುಂಬುವ ಟರ್ಬೊ ದೊಡ್ಡದಾಗಿದ್ದರೆ ಇಷ್ಟು, ಇಂಧನ ಚಿಮ್ಮಿಸುವ ಇಂಜೆಕ್ಟರ್ ಬದಲಾಗಿದ್ದರೆ ಇಷ್ಟು ಎಂದು ಕೂಡಿಸುತ್ತ ಹೋಗುತ್ತಿದ್ದಳು. ಒಮ್ಮೆ ಇಬ್ಬರು ಹುಡುಗರು ಅವಳನ್ನು ಪರೀಕ್ಷಿಸಲೆಂದು ತಮ್ಮ ಗಾಡಿಗಳನ್ನು ಇಂಡಿಯಾನಾಕ್ಕೆ ಒಯ್ದು ಯಂತ್ರದ ಮೇಲೆ ಓಡಿಸಿದ್ದರು. ಒಂದರಲ್ಲಿ ಹನ್ನೊಂದು, ಇನ್ನೊಂದರಲ್ಲಿ ಆರು ಅಶ್ವಶಕ್ತಿಯ ವ್ಯತ್ಯಾಸ ಬಂದಿತ್ತು. ಅಂದಿನಿಂದ ಅವಳ ಹಾಳೆಯನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಆ ಅಂಕಿ ಬರೀ ಜಂಬಕ್ಕೆ ಇದ್ದದ್ದಲ್ಲ. ಐನೂರರ ಒಳಗಿದ್ದರೆ ಗಾಡಿ ಕಾರ್ಖಾನೆಯ ಎರಕದ ಕಬ್ಬಿಣದ ಫ್ಲೈವೀಲ್ ಇಟ್ಟುಕೊಂಡೇ ಭಾರದ ಬಂಡಿ ಎಳೆಯಬಹುದಿತ್ತು. ಐನೂರು ದಾಟಿದರೆ ಉಕ್ಕಿನ ಫ್ಲೈವೀಲ್ ಹಾಕಬೇಕು, ಕ್ಲಚ್ಚಿನ ಸುತ್ತ ಚೂರುಗಳನ್ನು ತಡೆಯುವ ದಪ್ಪ ಕಂಬಳಿಯಂಥ ಕವಚ ಕಟ್ಟಬೇಕು. ಎಂಜಿನ್ನಿನ ಹಿಂಬದಿಯಲ್ಲಿ, ಚಾಲಕನ ಕಾಲಿನ ಮುಂದೆಯೇ ಗಿರಗಿರ ತಿರುಗುವ ಆ ಕಬ್ಬಿಣದ ಚಕ್ರ ಸಿಡಿದರೆ ಏನಾಗುತ್ತದೆಂದು ವಿಲ್ಮಾ ಒಂದು ಸಲ ನೋಡಿದ್ದಳು. ಇಪ್ಪತ್ತೆರಡು ವರ್ಷಗಳ ಹಿಂದೆ ಬೇರೊಂದು ಮೇಳದಲ್ಲಿ ಒಂದು ಚೂರು ಬಾನೆಟ್ ಸೀಳಿ ನೂರನಲವತ್ತು ಅಡಿ ದೂರದ ಹಾಲಿನ ಅಂಗಡಿಯ ತಗಡಿನ ಚಾವಣಿಯಲ್ಲಿ ಸಿಕ್ಕಿಕೊಂಡಿತ್ತು. ಇನ್ನೊಂದು ಚೂರು ಗಾಡಿಯ ನೆಲ ಸೀಳಿ ಮೇಲೆ ಬಂದಿತ್ತು. ಚಾಲಕನ ಎಡಗಾಲಿನ ಬೂಟನ್ನು ಎತ್ತಿಕೊಂಡವನು ವಿಲ್ಮಾಳ ಗಂಡ ನಾರ್ಬರ್ಟ್. ಅವನು ಆ ಮಾತನ್ನು ಮನೆಯಲ್ಲಿ ಯಾವತ್ತೂ ಎತ್ತಿರಲಿಲ್ಲ.

"ಏನೇನು ಬದಲಾಯಿಸಿದೀಯ?" ಎಂದು ವಿಲ್ಮಾ ಟ್ರೆಂಟ್‌ನನ್ನು ಕೇಳಿದ್ದಳು.

"ನಾನೇನೂ ಮುಟ್ಟಿಲ್ಲ ವಿಲ್ಮಾ. ಎಲ್ಲಾ ಮುದುಕ ಕ್ಲೀಟಸ್ ಬ್ರೂನ್ಸ್ ಮಾಡಿಟ್ಟಿದ್ದು. ಅವನು ಸತ್ತ ಮೇಲೆ ಹರಾಜಲ್ಲಿ ತಗೊಂಡೆ. ಕ್ಲಚ್ ಜಾರ್ತಿತ್ತು, ಅದೊಂದು ಗಟ್ಟಿದು ಹಾಕ್ದೆ."

"ಫ್ಲೈವೀಲ್?"

"ಅದೇ ಹಳೇದು. ಲೇತಿಗೆ ಕೊಟ್ಟು ಮುಖ ಸಪಾಟು ಮಾಡಿಸ್ದೆ. ಕನ್ನಡಿ ಥರಾ ಇದೆ, ನೋಡ್ಕೊಂಡು ಗಡ್ಡ ಹೆರೀಬಹುದು."

"ಹೆರ್ಕೋಬಾರ್ದಾಗಿತ್ತಾ ಮತ್ತೆ?" ಎಂದು ಪಕ್ಕದಲ್ಲಿ ಬಾವುಟ ಸುತ್ತುತ್ತ ನಿಂತಿದ್ದ ನಾರ್ಬರ್ಟ್ ಅವನ ಗಡ್ಡ ನೋಡಿ ಕೇಳಿದ.

ವಿಲ್ಮಾ ಬಾನೆಟ್ ಎತ್ತಿ ನೋಡಿದಳು. 1995ರ ಎಂಜಿನ್, ಆರು ಸಿಲಿಂಡರ್ ಸಾಲಾಗಿ. ಕಾರ್ಖಾನೆಯ ಲೆಕ್ಕ 175. ನಾಲ್ಕಂಗುಲದ ಹೊಗೆಕೊಳವೆಗೆ ಇಪ್ಪತ್ತು. ಗಾಳಿಯ ದಾರಿಗೆ ಹತ್ತು. ಒಂದಳತೆ ದೊಡ್ಡ ಟರ್ಬೊಗೆ ಅರವತ್ತು. ಪಂಪಿನ ಒಳಗೆ ಇಂಧನದ ಮಿತಿ ಕಾಯುವ ತಗಡನ್ನು ಸರಿಸಿರಬಹುದು, ಎಂಬತ್ತು. ಇಂಜೆಕ್ಟರ್ ಮಧ್ಯಮ ಗಾತ್ರದ್ದಿರಬಹುದು, ನೂರು. ಎಂಜಿನ್ ಹಚ್ಚಿದಾಗ ಕೊಳವೆಯಲ್ಲಿ ಹೊಗೆ ಕಾಣಲಿಲ್ಲ. ಸುತ್ತ ನಿಂತಿದ್ದವರು ನಕ್ಕರು. ಇಲ್ಲಿ ಕಪ್ಪು ಹೊಗೆ ಕಕ್ಕದ ಗಾಡಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

"ಅಜ್ಜಿಯರನ್ನ ಚರ್ಚಿಗೆ ಕರ್ಕೊಂಡೋಗೋ ಗಾಡಿ ಇದು ಟ್ರೆಂಟ್!"

"ಸಂಜೆ ನೋಡ್ರೋ, ಅಜ್ಜಿ ಹೆಂಗೆ ಓಡ್ತಾಳೆ ಅಂತ."

ಪೆಡಲು ನೋಡಲು ಬಗ್ಗಿದಾಗ ಸೀಟಿನ ಕೆಳಗೆ ವಿಲ್ಮಾಳ ಕೈಗೆ ತಗಡಿನ ಕಾಫಿ ಡಬ್ಬಿಯೊಂದು ತಗಲಿತು. ಅಲುಗಿಸಿದರೆ ಒಳಗೆ ಏನೋ ಗಲಗಲ ಎಂದಿತು.

"ಇದೇನು?"

"ಗಾಡಿ ಜೊತೇಲೇ ಬಂತು. ಕ್ಲೀಟಸ್ದು. ನಟ್ಟು ಬೋಲ್ಟು ಇರ್ಬೇಕು."

"ಎಳೆಯೋ ಹೊತ್ತಿಗೆ ಒಳಗೆ ಸಡಿಲ ಸಾಮಾನು ಇರಬಾರ್ದು. ಈಚೆ ಹಾಕು."

ಅಷ್ಟು ಹೇಳಿ ಅವಳು ಹಾಳೆಗೆ ಸಹಿ ಹಾಕಿದಳು.

ಐದೂವರೆಗೆ ಎಳೆಯುವ ಸ್ಪರ್ಧೆ ಶುರುವಾಯಿತು. ಆಗಸ್ಟ್ ತಿಂಗಳು, ಬಿಸಿಲು ಇನ್ನೂ ಕಾರುತ್ತಿತ್ತು. ಮಣ್ಣಿನ ಪಟ್ಟಿ ಮುನ್ನೂರು ಅಡಿ ಉದ್ದವಿತ್ತು. ಗಾಡಿಯ ಹಿಂದೆ ಕೊಂಡಿ ಹಾಕಿದ ಬಂಡಿಯ ಮೇಲೆ ಭಾರದ ಪೆಟ್ಟಿಗೆ. ಗಾಡಿ ಮುಂದೆ ಹೋದಷ್ಟೂ ಅದು ಬಂಡಿಯ ಮುಂಭಾಗಕ್ಕೆ ಸರಿದು ನೆಲಕ್ಕೆ ಒತ್ತುತ್ತದೆ, ಕೊನೆಗೆ ಎಂಥ ಗಾಡಿಯೂ ನಿಲ್ಲುತ್ತದೆ. ವಿಲ್ಮಾಳ ಕೆಲಸ ಮುಗಿದಿತ್ತು. ಅವಳು ಗ್ಯಾಲರಿಯ ಎರಡನೇ ಮೆಟ್ಟಿಲಲ್ಲಿ, ಹೊರಡುವ ಗೆರೆಗೆ ನೇರವಾಗಿ, ಟ್ರೆಂಟ್‌ನ ಹೆಂಡತಿ ಜಾನೆಲ್ ಪಕ್ಕದಲ್ಲಿ ನಿಂಬೆ ಶರಬತ್ತು ಹಿಡಿದು ಕೂತಿದ್ದಳು. ಜಾನೆಲ್ ಮಡಿಲಲ್ಲಿ ಒಂದೂವರೆ ವರ್ಷದ ಮಗಳು ಎಡಿ ಆ ಕಾಫಿ ಡಬ್ಬಿಯನ್ನು ಗಿಲಕಿಯಂತೆ ಅಲ್ಲಾಡಿಸುತ್ತಿದ್ದಳು.

"ಮಧ್ಯಾಹ್ನದಿಂದ ಇದೇ ಸಂಗೀತ," ಎಂದಳು ಜಾನೆಲ್. "ತಲೆ ಚಿಟ್ಟು ಹಿಡಿದು ಹೋಯ್ತು. ನೀವು ಆರ್ಗನ್ ನುಡಿಸೋರು, ಸ್ವಲ್ಪ ಹೇಳ್ಕೊಡಿ ಇವಳಿಗೆ."

"ತಾಳ ಪರವಾಗಿಲ್ಲ ಕಣೇ. ನಮ್ಮ ಚರ್ಚಿನ ಗಾಯಕರಿಗಿಂತ ವಾಸಿ."

ನಾಲ್ಕನೆಯದಾಗಿ ಬಿಳಿ ಪಿಕಪ್ ಗೆರೆಗೆ ಬಂತು. ಕೊಂಡಿ ಹಾಕಿದರು. ಪಟ್ಟಿಯ ಆ ತುದಿಯಲ್ಲಿ, ಚಾಲಕನಿಗೆ ಎದುರಾಗಿ, ಇನ್ನೊಬ್ಬ ಬಾವುಟದವನಿದ್ದ. ನಾರ್ಬರ್ಟ್ ಒಂದು ಕೈಯಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪು ಬಾವುಟ ಹಿಡಿದು ಗಾಡಿಯ ಎಡಕ್ಕೆ, ಮುಂದಿನ ಗಾಜಿನ ಬುಡಕ್ಕೆ, ಅಂದರೆ ಒಳಗಿನ ಫ್ಲೈವೀಲಿಗೆ ಸರಿಯಾಗಿ ನಿಂತ. ಬೇರೆ ಬಾವುಟದವರು ಬಾವುಟ ಇಳಿಸಿ ಹಿಂದಕ್ಕೆ ಹಾರುತ್ತಾರೆ. ನಾರ್ಬರ್ಟ್‌ನ ಸೊಂಟದ ಕೀಲು ಸವೆದು ಮೂರು ವರ್ಷವಾಗಿತ್ತು. ಅವನು ನಿಂತಲ್ಲೇ ನಿಲ್ಲುತ್ತಿದ್ದ.

ಎಡಿ ಡಬ್ಬಿಯ ಮುಚ್ಚಳ ಕಚ್ಚಲು ನೋಡಿದಳು. ಮಗುವಿನ ಬಾಯಿಗೆ ಎಣ್ಣೆ ಆದೀತೆಂದು ವಿಲ್ಮಾ ಡಬ್ಬಿ ಕಸಿದುಕೊಂಡು ಮುಚ್ಚಳ ತೆಗೆದು ಒಳಗೆ ನೋಡಿದಳು. ಅಲ್ಲಿ ನಟ್ಟೂ ಇರಲಿಲ್ಲ, ಬೋಲ್ಟೂ ಇರಲಿಲ್ಲ.

ಮೇಲೆ ಇದ್ದದ್ದು ಹೆಬ್ಬೆರಳಿನಷ್ಟು ಉದ್ದದ ಉಕ್ಕಿನ ತಗಡು. ಇಂಧನದ ಮಿತಿ ಕಾಯುವ ತಗಡು. ಸರಿಸಿರಬಹುದು ಎಂದು ಅವಳು ಎಂಬತ್ತು ಬರೆದಿದ್ದಳು. ಸರಿಸಿರಲಿಲ್ಲ, ಕಿತ್ತೇ ಹಾಕಿದ್ದರು. ಅದರ ಕೆಳಗೆ ಇಂಜೆಕ್ಟರಿನ ಆರು ಮೂತಿಗಳು, ಅತಿ ಸಣ್ಣ ತೂತಿನವು, ಕಾರ್ಖಾನೆಯವು. ಪಂಪಿನ ತಲೆಯ ಆರು ಪುಟ್ಟ ವಾಲ್ವುಗಳು, ಅವೂ ಕಾರ್ಖಾನೆಯವೇ. ಎಂಜಿನ್ ಕಟ್ಟುವವರು ಬಿಚ್ಚಿದ ಹಳೆಯ ಸಾಮಾನನ್ನು ಎಸೆಯುವುದಿಲ್ಲ, ಡಬ್ಬಿಗೆ ಹಾಕಿಡುತ್ತಾರೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಧ್ಯಾಹ್ನ ಡಬ್ಬಿಯನ್ನು ಅಲುಗಿಸಿ ಹಾಗೇ ಬಿಟ್ಟಿದ್ದಳು. ಒಳಗೆ ಹಾಕಿದ್ದನ್ನು ಎಣಿಸುವ ಹಾಳೆ ಅವಳದು. ಹೊರಗೆ ತೆಗೆದದ್ದಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಮನಸ್ಸು ತಾನಾಗಿ ಕೂಡಿಸುತ್ತ ಹೋಯಿತು. ತಗಡು ಪೂರಾ ಇಲ್ಲವೆಂದರೆ ಇನ್ನೂ ನಲವತ್ತು. ದೊಡ್ಡ ವಾಲ್ವುಗಳಿಗೆ ಎಪ್ಪತ್ತು. ಮೂತಿಗಳಿಗೆ ಇನ್ನೊಂದು ಐವತ್ತು. ಆರುನೂರರ ಮೇಲೆ. ಹೊಗೆ ಇಲ್ಲದ್ದು ದಮ್ಮಿಲ್ಲದ್ದಕ್ಕಲ್ಲ. ಕ್ಲೀಟಸ್ ಟರ್ಬೊವನ್ನು ಅಷ್ಟು ಹದವಾಗಿ ಹೊಂದಿಸಿದ್ದ, ಇಂಧನವೆಲ್ಲ ಉರಿದುಹೋಗುತ್ತಿತ್ತು.

ಡಬ್ಬಿಯ ತಳದಲ್ಲಿ ಎರಡು ಜೊತೆ ಗಿಡ್ಡ ಸ್ಪ್ರಿಂಗುಗಳಿದ್ದವು.

ವಿಲ್ಮಾ ಡಬ್ಬಿಯನ್ನು ಬೆಳಕಿಗೆ ವಾಲಿಸಿ ಹಿಡಿದಳು. ಶರಬತ್ತಿನ ಲೋಟ ಕಾಲಬಳಿ ಉರುಳಿದ್ದು ಅವಳಿಗೆ ತಿಳಿಯಲಿಲ್ಲ. ಅವು ಗವರ್ನರ್ ಸ್ಪ್ರಿಂಗುಗಳು. ಶಕ್ತಿ ಕೊಡುವುದು ಅವುಗಳ ಕೆಲಸವಲ್ಲ. ಎಂಜಿನ್ ನಿಮಿಷಕ್ಕೆ 2,800 ಸುತ್ತು ಮುಟ್ಟಿದೊಡನೆ ಸಾಕು ಎಂದು ಇಂಧನ ನಿಲ್ಲಿಸುವುದು ಅವುಗಳ ಕೆಲಸ. ಅವು ಇಲ್ಲಿ, ಅವಳ ಕೈಯಲ್ಲಿದ್ದವು. ಪಂಪಿನೊಳಗೆ ಬೇರೆ ಇದ್ದವು, 4,000ದವರೆಗೆ ತಡೆಯದವು. ವೇಗ ಶೇಕಡಾ ನಲವತ್ತರಷ್ಟು ಹೆಚ್ಚಿದರೆ ಫ್ಲೈವೀಲನ್ನು ಸೀಳುವ ಬಲ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಉಕ್ಕಿನ ಫ್ಲೈವೀಲ್ ಹಾಕುವ ಮುಂಚೆಯೇ ಕ್ಲೀಟಸ್ ತೀರಿಕೊಂಡಿದ್ದ. ಇದ್ದ ಹಳೆಯದನ್ನು ಟ್ರೆಂಟ್ ಲೇತಿನಲ್ಲಿ ಹೆರೆಸಿ ಇನ್ನಷ್ಟು ತೆಳ್ಳಗೆ ಮಾಡಿಸಿದ್ದ.

"ನಾರ್ಬ್!" ಎಂದು ಅವಳು ಕಿರುಚಿದಳು.

ಆ ಹೊತ್ತಿಗೆ ಹಸಿರು ಬಾವುಟ ಕೆಳಗಿಳಿದಿತ್ತು.

ಎಂಜಿನ್ನಿನ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಧ್ವನಿವರ್ಧಕದಲ್ಲಿ ಯಾರೋ ಟ್ರೆಂಟ್‌ನ ಹೆಸರು ಕೂಗುತ್ತಿದ್ದರು. ನಾರ್ಬರ್ಟ್ ಬೆನ್ನು ತೋರಿಸಿ ನಿಂತಿದ್ದ, ಬಿಳಿ ಬಾಗಿಲಿಗೂ ಅವನಿಗೂ ಮಧ್ಯೆ ಆರೇಳು ಅಡಿ. ಗಾಡಿ ಬಿಗಿಯಿತು, ಮೂತಿ ಎತ್ತಿತು, ಹೊರಟಿತು.

ವಿಲ್ಮಾಳಿಗೆ ಎಂಜಿನ್ನಿನ ವೇಗ ತಿಳಿಯಲು ಮೀಟರ್ ಬೇಕಿರಲಿಲ್ಲ. ಪರೀಕ್ಷಾ ಮೇಜಿನ ಮುಂದೆ ನಿಂತ ವರ್ಷಗಳಲ್ಲಿ ಅವಳು ಸದ್ದನ್ನು ಆರ್ಗನ್ನಿನ ಕೀಗಳಿಗೆ ಹೊಂದಿಸಿಟ್ಟುಕೊಂಡಿದ್ದಳು. ಈ ಜಾತಿಯ ಎಂಜಿನ್ 2,800 ಸುತ್ತಿನಲ್ಲಿ ಎಡಗೈಯ ಒಂದು ಕಪ್ಪು ಕೀಯ ಸ್ವರ ಹಾಡುತ್ತದೆ. ಕಾರ್ಖಾನೆಯ ಸ್ಪ್ರಿಂಗ್ ಇದ್ದಿದ್ದರೆ ಅಲ್ಲಿಗೆ ನಿಲ್ಲಬೇಕು. ಸ್ವರ ಅಲ್ಲಿಗೆ ಬಂತು. ನಿಲ್ಲಲಿಲ್ಲ.

ಒಂದು ಕೀ ಮೇಲೆ. ಎರಡು ಕೀ. 3,100.

ಜಾನೆಲ್ ಎದ್ದು ನಿಂತು ಮಗುವನ್ನು ಮೇಲೆತ್ತಿ ಕೂಗುತ್ತಿದ್ದಳು, "ಹೊಡಿ ಟ್ರೆಂಟ್, ಹೊಡಿ!" ಫ್ಲೈವೀಲ್ ಸಿಡಿದರೆ ಚೂರುಗಳು ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ಹೋಗುವುದಿಲ್ಲ. ಮೇಲಕ್ಕೆ ಮತ್ತು ಎರಡೂ ಪಕ್ಕಕ್ಕೆ ಹಾರುತ್ತವೆ. ಒಂದು ಪಕ್ಕದಲ್ಲಿ ಗ್ಯಾಲರಿ ಇತ್ತು. ಗಾಡಿ ಸಾಗಿದಂತೆ ಮುನ್ನೂರು ಜನ ಸಾಲುಸಾಲಾಗಿ ಅದಕ್ಕೆ ನೇರವಾಗುತ್ತಿದ್ದರು.

ಮೂರು ಕೀ. 3,300.

ನಿಲ್ಲಿಸಬಲ್ಲವನು ನಾರ್ಬರ್ಟ್ ಒಬ್ಬನೇ. ಅವನಿಗೆ ಕೇಳಿಸುವುದಿಲ್ಲ. ಅವನು ಹೊರಳಿ ನೋಡುವುದೂ ಇಲ್ಲ. ಎಳೆಯುವಾಗ ಅವನ ಕಣ್ಣು ಮಣ್ಣಿನ ಮೇಲೆ ಇರುತ್ತದೆ. ಮಣ್ಣಿನ ಮೇಲೆ ಒಂದು ಬೋಲ್ಟ್ ಬಿದ್ದರೂ, ಒಂದು ರಬ್ಬರ್ ಚೂರು ಬಿದ್ದರೂ ಕೆಂಪು ಬಾವುಟ. ಅದು ನಿಯಮ. ಇಪ್ಪತ್ತು ವರ್ಷದಲ್ಲಿ ನಾರ್ಬರ್ಟ್ ಅದನ್ನು ಒಮ್ಮೆಯೂ ತಪ್ಪಿಸಿರಲಿಲ್ಲ.

ವಿಲ್ಮಾ ಎರಡು ಮೆಟ್ಟಿಲು ಹಾರಿ ಬೇಲಿಗೆ ಬಂದು, ತೋಳನ್ನು ಹಿಂದಕ್ಕೆಳೆದು ಡಬ್ಬಿಯನ್ನು ಎಸೆದಳು. ಅದು ಗಾಳಿಯಲ್ಲಿ ತಿರುಗಿತು, ಬಿಸಿಲಿಗೆ ಮಿನುಗಿತು. ನಾರ್ಬರ್ಟ್‌ನ ಬೂಟಿನಿಂದ ಎರಡು ಮಾರು ಮುಂದೆ ಬಿದ್ದು ಒಡೆದುಕೊಂಡಿತು. ಮೂತಿಗಳು, ವಾಲ್ವುಗಳು, ಸ್ಪ್ರಿಂಗುಗಳು ಚಕ್ರದ ಗುರುತಿನ ಮೇಲೆ ಚೆಲ್ಲಾಪಿಲ್ಲಿಯಾದವು.

ನಾಲ್ಕು ಕೀ. 3,500.

ನಾರ್ಬರ್ಟ್ ಎಸೆದವರು ಯಾರೆಂದು ನೋಡಲಿಲ್ಲ. ನೆಲದ ಮೇಲಿನ ಲೋಹ ನೋಡಿದ. ಕೆಂಪು ಬಾವುಟ ಮೇಲೆ ಹೋಯಿತು.

ಆ ತುದಿಯ ಬಾವುಟದವನು ಅದನ್ನು ನೋಡಿ ತನ್ನ ಕೆಂಪು ಬಾವುಟವನ್ನು ಟ್ರೆಂಟ್‌ಗೆ ಕಾಣುವಂತೆ ಬೀಸಬೇಕಿತ್ತು. ಟ್ರೆಂಟ್ ಅದನ್ನು ನೋಡಬೇಕಿತ್ತು. ನೋಡಿ ಕಾಲು ತೆಗೆಯಬೇಕಿತ್ತು. ಎಷ್ಟು ಹೊತ್ತು ಹಿಡಿಯಿತೆಂದು ಆಮೇಲೆ ಯಾರದೋ ಫೋನಿನ ವಿಡಿಯೊದಲ್ಲಿ ನೋಡಿದರು: ಮೂರು ಸೆಕೆಂಡು ಮತ್ತು ಚಿಲ್ಲರೆ. ವಿಲ್ಮಾ ಬೇಲಿಯ ತಂತಿ ಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಐದು ಕೀ. 3,700. ಸ್ವರ ಇನ್ನೂ ಏರುತ್ತಿತ್ತು. ಆರನೆಯ ಕೀಯ ಅಂಚಿಗೆ ಬಂದಿತ್ತು. ಆ ಬಿಳಿ ಕೀ ಅವಳ ಹಳೆಯ ಆರ್ಗನ್ನಿನಲ್ಲಿ ಸವೆದು ತುದಿ ಹಾರಿಹೋಗಿದೆ, ಬೆರಳಿಗೆ ತಾಕುತ್ತದೆ. ಅದೇ ಅವಳಿಗೆ ನೆನಪಾದದ್ದು. ಆಮೇಲೆ ಸ್ವರ ಮುರಿದು ಕೆಳಗೆ ಬಿತ್ತು.

ಅವಳು ಕಣ್ಣು ತೆರೆದಾಗ ಗಾಡಿ ನೂರ ಅರವತ್ತು ಅಡಿಯ ಗುರುತಿನಲ್ಲಿ ನಿಂತಿತ್ತು. ಗ್ಯಾಲರಿ ಅವಳ ಕಡೆ ಕೂಗುತ್ತಿತ್ತು. "ಕುತ್ಕೊಳೇ ಮುದುಕಿ!" ಎಂದರು ಯಾರೋ. ಎಡಿ ತನ್ನ ಡಬ್ಬಿಗಾಗಿ ಅಳುತ್ತಿದ್ದಳು. ಜಾನೆಲ್ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

ಟ್ರೆಂಟ್ ಇಳಿದು ಓಡಿ ಬಂದ.

"ಏನ್ರೀ ಇದು? ಬಂಡಿ ನನ್ನ ಹಿಂದೆ ತರಗೆಲೆ ಥರಾ ಬರ್ತಿತ್ತು! ತುದಿ ಮುಟ್ತಿದ್ದೆ!"

"ಎಂಜಿನ್ ಆರಿಸಿದೀಯಾ?" ಎಂದು ವಿಲ್ಮಾ ಕೇಳಿದಳು.

"ಆರಿಸಿದೀನಿ. ಯಾಕೆ ಅಂತ ಹೇಳಿ ಮೊದ್ಲು."

ನಾರ್ಬರ್ಟ್ ಸೊಂಟ ಹಿಡಿದುಕೊಂಡು ಬಗ್ಗಿ ಚೆಲ್ಲಿದ ಸಾಮಾನನ್ನು ಒಂದೊಂದಾಗಿ ಹೆಕ್ಕುತ್ತಿದ್ದ. ಒಂದು ಸ್ಪ್ರಿಂಗನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಿದ. ಆಮೇಲೆ ತಾನು ನಿಂತಿದ್ದ ಜಾಗ ನೋಡಿದ. ಅದನ್ನು ತಂದು ಟ್ರೆಂಟ್‌ನ ಅಂಗೈಯಲ್ಲಿಟ್ಟ.

"ನಿನ್ನ ಗವರ್ನರ್ ಸ್ಪ್ರಿಂಗು," ಎಂದಳು ವಿಲ್ಮಾ. "ನಿನ್ನ ಪಂಪಲ್ಲಿ ಇರಬೇಕಾಗಿದ್ದು. ನಾನು ತಪ್ಪು ಬರೆದೆ ಟ್ರೆಂಟ್. ಅದು ನಾನೂರ ನಲವತ್ತೈದಲ್ಲ, ಆರುನೂರರ ಮೇಲಿದೆ. ಮೂರು ಸಾವಿರದ ಎಂಟುನೂರು ಸುತ್ತು ದಾಟಿ ಹೋಗ್ತಿತ್ತು, ಆ ಎರಕದ ಫ್ಲೈವೀಲ್ ಇಟ್ಕೊಂಡು."

"ಮಧ್ಯಾಹ್ನ ಒಂದು ಹೇಳ್ತೀರಿ, ಸಂಜೆ ಒಂದು ಹೇಳ್ತೀರಿ! ಕಿವೀಲಿ ಅಳೆದ್ರಾ?"

"ಹೌದು."

"ಫ್ಲೈವೀಲ್ಗೆ ಏನೂ ಆಗಿಲ್ಲ. ಬನ್ನಿ ತೋರಿಸ್ತೀನಿ."

ಅವನು ಗಾಡಿಯ ಕೆಳಗೆ ಮಲಗಿ ಸ್ಟಾರ್ಟರ್ ಮೋಟರ್ ಬಿಚ್ಚಿದ. ಆ ತೂತಿನಿಂದ ಫ್ಲೈವೀಲಿನ ಅಂಚು ಕಾಣುತ್ತಿತ್ತು. ನಾರ್ಬರ್ಟ್ ಮುಂದಿನಿಂದ ಎಂಜಿನ್ನನ್ನು ಕೈಯಲ್ಲಿ ತಿರುಗಿಸಿದ, ವಿಲ್ಮಾ ಮಣ್ಣಿನಲ್ಲಿ ಮಲಗಿ ಟಾರ್ಚ್ ಹಿಡಿದು ನೋಡಿದಳು. ಪೂರ್ತಿ ಒಂದು ಸುತ್ತು, ಇನ್ನೊಂದು ಸುತ್ತು. ಎಲ್ಲೂ ಬಿರುಕು ಇರಲಿಲ್ಲ. ಕಾಣುವಷ್ಟು ಭಾಗ ನುಣ್ಣಗಿತ್ತು.

"ನೋಡಿದ್ರಾ?" ಎಂದ ಟ್ರೆಂಟ್.

"ಕಾಣೋ ಕಡೆ ಏನೂ ಇಲ್ಲ."

"ಮತ್ತೆ?"

ವಿಲ್ಮಾ ಟಾರ್ಚ್ ಆರಿಸಿ ಎದ್ದಳು. ಟ್ರೆಂಟ್ ಗೆದ್ದವನಂತೆ ಸ್ಟಾರ್ಟರ್ ಮತ್ತೆ ಕೂರಿಸಿ, ಕೈ ಒರೆಸಿಕೊಂಡು, ಸೀಟಿಗೆ ಹತ್ತಿ ಕೀಲಿಗೆ ಕೈಹಾಕಿದ. ಕೈ ಅಲ್ಲೇ ನಿಂತಿತು. ಅವನ ದೃಷ್ಟಿ ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮೇಲಿತ್ತು. ಮುಳ್ಳು ಈಗ ಸೊನ್ನೆಯಲ್ಲಿ ಮಲಗಿತ್ತು.

"ವಿಲ್ಮಾ," ಎಂದ. ದನಿ ಬದಲಾಗಿತ್ತು. "ಎಳೀವಾಗ ಈ ಮುಳ್ಳು ಕೊನೇ ಗೆರೆ ಹತ್ರ ಹೋಗಿ ನಡುಗ್ತಿತ್ತು. ಮೀಟರ್ ಕೆಟ್ಟಿದೆ ಅಂದ್ಕೊಂಡೆ."

ಟ್ರೆಂಟ್ ತನ್ನ ಎಡಗಾಲನ್ನು ಕ್ಲಚ್ ಪೆಡಲಿನಿಂದ ನಿಧಾನವಾಗಿ ತೆಗೆದು, ಪಕ್ಕಕ್ಕೆ ಸರಿಸಿ, ಇಳಿದುಬಿಟ್ಟ. ಬೇಲಿಯ ಬಳಿ ಜಾನೆಲ್ ಮಗುವನ್ನು ಎದೆಗೊತ್ತಿ ನಿಂತಿದ್ದಳು. ಅವಳು ಕೇಳಿಸಿಕೊಂಡಿದ್ದಳು.

"ಟ್ರೆಂಟ್, ಅದರಲ್ಲಿ ಮನೆಗೆ ಹೋಗೋದು ಬೇಡ," ಎಂದಳು. "ಮಗೂನ ಅದರಲ್ಲಿ ಕೂರಿಸಲ್ಲ ನಾನು."

"ಹಚ್ಚೋದೇ ಇಲ್ಲ," ಎಂದ ಅವನು. "ಟ್ರೇಲರ್ ತರಿಸ್ತೀನಿ."

ಆರು ಜನ ಸೇರಿ ಗಾಡಿಯನ್ನು ಪಟ್ಟಿಯಿಂದ ಹೊರಗೆ ತಳ್ಳಿದರು. ಯಾರೂ ಮುಂದಿನ ಗಾಜಿನ ಬುಡದ ಪಕ್ಕ ನಿಂತು ತಳ್ಳಲಿಲ್ಲ. ಎಂಜಿನ್ ಆರಿದ ಗಾಡಿಯಿಂದ ಏನೂ ಸಿಡಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರೂ ಹಿಂದಿನ ಬಾಗಿಲಿಗೇ ಕೈ ಹಚ್ಚಿದರು.

ವಿಲ್ಮಾ ಹಾಳೆ ತೆಗೆದು 445ರ ಮೇಲೆ ಗೆರೆ ಎಳೆದಳು. ಪಕ್ಕದಲ್ಲಿ 605 ಎಂದು ಬರೆದಳು. ಅದನ್ನೂ ಹೊಡೆದುಹಾಕಿ "ಗೊತ್ತಿಲ್ಲ" ಎಂದು ಬರೆದು ಸಹಿ ಹಾಕಿದಳು. ಸಹಿ ಓರೆಯಾಯಿತು. ನಾರ್ಬರ್ಟ್ ಹಿಂದಿನಿಂದ ಬಂದು ಅವಳ ಭುಜದ ಮೇಲೆ ಕೈಯಿಟ್ಟ.

"ಡಬ್ಬಿ ಎಸೆಯೋದು ಎಲ್ಲಿ ಕಲಿತೆ?"

"ನೀನು ಮುಂದಿನ ಸಲದಿಂದ ಹತ್ತು ಹೆಜ್ಜೆ ಹಿಂದೆ ನಿಲ್ತೀಯ."

"ಹತ್ತು ಹೆಜ್ಜೆ ಹಿಂದೆ ನಿಂತ್ರೆ ಬಾವುಟ ಯಾರಿಗೆ ಕಾಣತ್ತೆ?"

"ದೊಡ್ಡ ಬಾವುಟ ಹೊಲಿದು ಕೊಡ್ತೀನಿ."

ಧ್ವನಿವರ್ಧಕ ಐದನೆಯವನ ಹೆಸರು ಕರೆಯಿತು. ಹಸಿರು ಪಿಕಪ್ಪಿನ ಒಬ್ಬ ಯುವಕ ಗೆರೆಗೆ ಬರಲು ಎಂಜಿನ್ ಹಚ್ಚಿದ್ದ. ವಿಲ್ಮಾ ಅವನ ಮುಂದೆ ಹೋಗಿ ಕೈ ಅಡ್ಡ ಹಿಡಿದಳು. ಮಧ್ಯಾಹ್ನ ಅವಳೇ ಅವನಿಗೆ 470 ಎಂದು ಬರೆದುಕೊಟ್ಟಿದ್ದಳು. ಅವನು ಬಾನೆಟ್ ತೆಗೆಯಲೆಂದು ಇಳಿಯಹೊರಟ.

"ಬಾನೆಟ್ ಬೇಡ," ಎಂದಳು ಅವಳು. "ಬಿಚ್ಚಿದ ಸಾಮಾನೆಲ್ಲ ಎಲ್ಲಿಟ್ಟಿದೀಯ?"

"ಮನೇಲಿ. ಶೆಡ್ಡಲ್ಲಿ, ಒಂದು ಬಕೆಟ್ಟಲ್ಲಿ. ಯಾಕೆ?"

"ಎಂಜಿನ್ ಆರಿಸು. ಹೋಗಿ ಬಕೆಟ್ ತಗೊಂಡ್ಬಾ."